ಮೂರು ಮರಿಯಲ್ಲಿ ಎರಡು ಡಾಕ್ಟರಿಗೇ ಹೋಗುತ್ತಿತ್ತು: ಚಿಕ್ಕ ನಾಯಿಗಳ ಬ್ರೀಡಿಂಗ್, ನನ್ನ ಅನುಭವ

ಡಾಕ್ಟರ್ ಖರ್ಚು ಕಮ್ಮಿ ಆಗಬೇಕು ಅಂದರೆ ಡಾಕ್ಟರ ಹತ್ತಿರ ಜಾಸ್ತಿ ಸಲ ಹೋಗಬೇಕು. ಆರು ವರ್ಷದ ಹಿಂದೆ ಈ ಮಾತು ಹೇಳಿದಾಗ ನನ್ನ ಜೊತೆಯ ಬ್ರೀಡರುಗಳು ಯಾರೂ ಒಪ್ಪಲಿಲ್ಲ. "ಹುಟ್ಟೋದೇ ಮೂರು ಮರಿ, ಇಷ್ಟೆಲ್ಲ ಟೆಸ್ಟ್ ಮಾಡಿಸಿದ್ರೆ ಕೈಗೆ ಬರೋದೇನು?" ಅಂತ ಕೇಳಿದರು. ಆಮೇಲೆ ಹನ್ನೊಂದು ಸೂಲು ಇದೇ ರೀತಿ ಮಾಡಿದೆ. ರಾತ್ರಿ ಹೊತ್ತು ಆಸ್ಪತ್ರೆಗೆ ಓಡಿದ್ದು ಒಂದೇ ಸಲ. ಅದಕ್ಕೇ ಇವತ್ತು ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಇರುವುದು ಪೊಮೇರಿಯನ್ ಮತ್ತು ಚಿವಾವಾ. ದುಡ್ಡಿನ ಲೆಕ್ಕವನ್ನು ನಾನು ಮರಿಯಲ್ಲೇ ಹೇಳುತ್ತೇನೆ, ಯಾಕಂದರೆ ಫೀಸು ಒಂದೊಂದು ಕಡೆ ಒಂದೊಂದು ಥರ. ಒಂದು ಮರಿ ಅಂದರೆ ಒಂದು ಮರಿ ಮಾರಿದರೆ ಬರುವ ದುಡ್ಡು, ಹಾಗೆ ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಮೊದಲ ನಾಲ್ಕು ಸೂಲಿನಲ್ಲಿ ಹನ್ನೆರಡು ಮರಿ ಹುಟ್ಟಿದವು, ಎಂಟು ಉಳಿದವು. ಆ ಎಂಟರಲ್ಲಿ ಹೆಚ್ಚು ಕಮ್ಮಿ ಐದು ಮರಿಯ ದುಡ್ಡು ಪೂರ್ತಿ ಡಾಕ್ಟರಿಗೆ ಹೋಯಿತು. ಆಹಾರ, ನನ್ನ ನಿದ್ದೆ, ಇವೆಲ್ಲ ಬೇರೆ. ಈಚಿನ ಹನ್ನೊಂದು ಸೂಲಿನಲ್ಲಿ ಮೂವತ್ತಮೂರೋ ಮೂವತ್ತನಾಲ್ಕೋ ಹುಟ್ಟಿ ಮೂವತ್ತು ಉಳಿದಿವೆ. ಡಾಕ್ಟರಿಗೆ ಹೋಗಿದ್ದು ಸುಮಾರು ಹತ್ತು ಮರಿಯ ದುಡ್ಡು, ಅಂದರೆ ಸೂಲಿಗೆ ಒಂದಕ್ಕಿಂತ ಸ್ವಲ್ಪ ಕಮ್ಮಿ. ಪುಸ್ತಕ ನೋಡದೆ ನೆನಪಿನಿಂದ ಬರೆಯುತ್ತಿದ್ದೇನೆ, ಆದರೂ ಅಂದಾಜು ತಪ್ಪಿಲ್ಲ.

ಮೊದಲ ಪೆಟ್ಟು ಚಿನ್ನಿಯದು. ಅವಳು ನನ್ನ ಮೊದಲ ಪೊಮೇರಿಯನ್. ಗಬ್ಬ ಕಟ್ಟಿದೆ ಅಂತ ಗೊತ್ತಾದ ದಿನದಿಂದಲೇ ಕ್ಯಾಲ್ಸಿಯಂ ಸಿರಪ್ ಶುರು ಮಾಡಿದೆ. ಹಿರಿಯರೊಬ್ಬರು ಹೇಳಿದ್ದರು, ಮರಿಯ ಮೂಳೆ ಗಟ್ಟಿಯಾಗುತ್ತೆ ಅಂತ. ಹೆರಿಗೆ ಚೆನ್ನಾಗೇ ಆಯಿತು, ನಾಲ್ಕು ಮರಿ. ಹದಿನೆಂಟನೇ ದಿನ ಸಂಜೆ ಚಿನ್ನಿ ಮರಿಗಳನ್ನು ಬಿಟ್ಟು ಎದ್ದು ಬಂದು ಸುಮ್ನೆ ಅತ್ತಿಂದಿತ್ತ ಓಡಾಡತೊಡಗಿದಳು. ಏದುಸಿರು. ಕಿವಿ ಹಿಂದಕ್ಕೆ ಒತ್ತಿಕೊಂಡಿತ್ತು, ತುಟಿಯ ಪಕ್ಕದ ಚರ್ಮ ಪಟಪಟ ಅದುರುತ್ತಿತ್ತು. ಹಿಂಗಾಲು ಮಡಚಲಿಲ್ಲ, ಕಟ್ಟಿಗೆಯ ಕಾಲಿನ ಹಾಗೆ ಇಟ್ಟು ನಡೆಯುತ್ತಿದ್ದಳು. ಮೈ ಕೆಂಡ. ಡಾಕ್ಟರು ನೋಡಿದ ಕೂಡಲೇ ರಕ್ತದಲ್ಲಿ ಕ್ಯಾಲ್ಸಿಯಂ ಬಿದ್ದಿದೆ ಅಂದರು. ಒಂದು ಕೈಯಲ್ಲಿ ಸ್ಟೆಥಸ್ಕೋಪು ಎದೆಗೆ ಹಿಡಿದು, ಇನ್ನೊಂದು ಕೈಯಲ್ಲಿ ಸಿರಿಂಜನ್ನು ಕೂದಲೆಳೆಯಷ್ಟೇ ಒತ್ತುತ್ತಾ, ನಿಲ್ಲಿಸುತ್ತಾ, ಮತ್ತೆ ಒತ್ತುತ್ತಾ ಸುಮಾರು ಅರ್ಧ ಗಂಟೆ ಕ್ಯಾಲ್ಸಿಯಂ ಕೊಟ್ಟರು. ಬೇಗ ಹೋದರೆ ಹೃದಯ ನಿಂತುಬಿಡುತ್ತದಂತೆ. ಅವಳ ಕಾಲು ಮೆಲ್ಲಗೆ ಸಡಿಲವಾಗಿದ್ದು ನನ್ನ ಅಂಗೈಗೆ ಗೊತ್ತಾಯಿತು. ಎರಡು ದಿನ ಅಲ್ಲೇ ಇಟ್ಟುಕೊಂಡರು. ಮರಿಗಳಿಗೆ ನಾನು ಬಾಟಲಿ ಹಾಲು ಕುಡಿಸಿದೆ. ಒಟ್ಟು ಒಂದೂವರೆ ಮರಿ ಖರ್ಚು.

ಕಾರಣ ಆಮೇಲೆ ತಿಳಿಯಿತು. ಗಬ್ಬದಲ್ಲಿ ಹೊರಗಿನಿಂದ ಕ್ಯಾಲ್ಸಿಯಂ ಸುರಿದರೆ, ಮೂಳೆಯಿಂದ ಅದನ್ನು ತೆಗೆದುಕೊಳ್ಳುವ ಕೆಲಸವನ್ನೇ ಮೈ ನಿಲ್ಲಿಸಿಬಿಡುತ್ತದೆ. ಹಾಲು ಜೋರಾಗಿ ಇಳಿಯುವಾಗ ದಿಢೀರ್ ಅಂತ ಬೇಕಾಗುತ್ತದೆ, ಆಗ ಮೂಳೆಯಿಂದ ಬರುವುದಿಲ್ಲ. ಚಿಕ್ಕ ತಳಿಗಳಿಗೇ ಇದು ಜಾಸ್ತಿ, ಹೆರಿಗೆಯಾದ ಎರಡನೇ ವಾರದಿಂದ ನಾಲ್ಕನೇ ವಾರದ ಒಳಗೆ. ಈಗ ಗಬ್ಬದಲ್ಲಿ ಒಂದು ಹನಿ ಕ್ಯಾಲ್ಸಿಯಂ ಕೊಡುವುದಿಲ್ಲ. ಕೊನೆಯ ಮೂರು ವಾರ ಮರಿಗಳ ಆಹಾರವನ್ನೇ ತಾಯಿಗೂ ಹಾಕುತ್ತೇನೆ, ಅಷ್ಟೇ. ಒಮ್ಮೆ ಈ ಕಾಯಿಲೆ ಬಂದ ತಾಯಿಗೆ ಮಾತ್ರ ಹೆರಿಗೆಯ ನಂತರ ಡಾಕ್ಟರು ಹೇಳಿದ ಲೆಕ್ಕದಲ್ಲಿ ಕೊಡುತ್ತೇನೆ. ಚಿನ್ನಿ ಆಮೇಲೆ ಮೂರು ಸಲ ಮರಿ ಹಾಕಿದಳು, ಒಂದು ಸಲವೂ ನಡುಗಲಿಲ್ಲ. ಸಿರಪ್ಪಿನ ದುಡ್ಡು ಕೂಡ ಉಳಿಯಿತು.

ಎರಡನೆಯ ಪೆಟ್ಟು ಇನ್ನೂ ದೊಡ್ಡದು. ಒಂದು ಚಿವಾವಾ, 63 ದಿನಕ್ಕೆ ಹೆರಿಗೆ ಅಂತ ಎಲ್ಲರ ಹಾಗೆ ನಾನೂ ಕ್ರಾಸ್ ಮಾಡಿಸಿದ ದಿನದಿಂದ ಲೆಕ್ಕ ಹಾಕಿದ್ದೆ. 63 ಆಯಿತು, 65 ಆಯಿತು, ನೋವೇ ಇಲ್ಲ. ಎಕ್ಸ್‌ರೇ ಮಾಡಿಸಿರಲಿಲ್ಲ, ಖರ್ಚು ಯಾಕೆ ಅಂತ. 66ನೇ ದಿನ ರಾತ್ರಿ ಹಸಿರು ನೀರು ಬಂತು, ಮರಿ ಬರಲಿಲ್ಲ. ಮಾಸು ಬಿಟ್ಟಿದೆ ಅಂತ ಅರ್ಥ ಅಲ್ವಾ, ಓಡಿದೆ. ಹೊಟ್ಟೆಯಲ್ಲಿ ಇದ್ದಿದ್ದು ಒಂದೇ ಮರಿ, ದೊಡ್ಡ ತಲೆ, ಸತ್ತು ಹೋಗಿತ್ತು. ಒಂದೇ ಮರಿ ಇದ್ದಾಗ ಹೆರಿಗೆ ಶುರುವಾಗಲು ಬೇಕಾದ ಸೂಚನೆ ತಾಯಿಯ ಮೈಗೆ ಸರಿಯಾಗಿ ಸಿಗುವುದಿಲ್ಲ, ಮರಿ ಒಳಗೇ ಬೆಳೆಯುತ್ತಾ ಹೋಗುತ್ತದೆ. ರಾತ್ರಿಯ ಸಿಸೇರಿಯನ್, ಡ್ರಿಪ್, ಮೂರು ದಿನದ ಔಷಧಿ. ಎರಡು ಮರಿಯ ದುಡ್ಡು ಹೋಯಿತು, ಕೈಯಲ್ಲಿ ಒಂದು ಮರಿಯೂ ಇಲ್ಲ. ಆ ರಾತ್ರಿ ಕಾರಿನಲ್ಲಿ ಕೂತು ಅತ್ತಿದ್ದೇನೆ, ದುಡ್ಡಿಗಲ್ಲ.

ಅಲ್ಲಿಂದ ನನ್ನ ರೀತಿ ಬದಲಾಯಿತು. ಪ್ರತಿ ಸಲ ಬೆದೆಗೆ ಬಂದಾಗ ರಕ್ತದಲ್ಲಿ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಎಷ್ಟಿದೆ ಅಂತ ಟೆಸ್ಟ್, ಮೂರು ಅಥವಾ ನಾಲ್ಕು ಸಲ. ಐದು ನ್ಯಾನೋಗ್ರಾಂ ಹತ್ತಿರ ಬಂದರೆ ಅಂಡ ಬಿಟ್ಟಿದೆ ಅಂತ ಹಿಡಿದು, ಎರಡು ದಿನ ಬಿಟ್ಟು ಕ್ರಾಸ್. ಅಂಡ ಬಿಟ್ಟ ದಿನದಿಂದ 63, ಒಂದು ದಿನ ಆಚೆ ಈಚೆ. ಕ್ರಾಸ್ ಆದ ದಿನದ ಲೆಕ್ಕ ಯಾಕೆ ತಪ್ಪುತ್ತದೆ ಅಂದರೆ ಗಂಡಿನ ವೀರ್ಯ ಒಳಗೆ ಐದಾರು ದಿನ ಬದುಕಿರುತ್ತದೆ. ನಾಲ್ಕು ಟೆಸ್ಟಿಗೆ ನನಗೆ ಆಗುವುದು ಒಂದು ಮರಿಯ ಐದನೇ ಒಂದು ಭಾಗ. ಇದಕ್ಕೇ ಎಲ್ಲರೂ "ದಂಡ" ಅಂದಿದ್ದು. ಆದರೆ ಖಾಲಿ ಹೋಗುವ ಸೂಲು ನಿಂತೇ ಹೋಯಿತು. ಮೊದಲು ನಾಲ್ಕರಲ್ಲಿ ಒಂದು ಸಲ ಗಬ್ಬ ನಿಲ್ಲುತ್ತಿರಲಿಲ್ಲ, ಗಂಡು ನಾಯಿಯವರಿಗೆ ಕೊಟ್ಟ ದುಡ್ಡೂ ಹೋಗುತ್ತಿತ್ತು.

57ನೇ ದಿನ ಎಕ್ಸ್‌ರೇ. ತಲೆ ಎಣಿಸುವುದಕ್ಕೆ, ತಲೆಯ ಗಾತ್ರವನ್ನು ತಾಯಿಯ ಸೊಂಟದ ಮೂಳೆಯ ಜೊತೆ ನೋಡುವುದಕ್ಕೆ. ಒಂದೇ ಮರಿ ಅಥವಾ ತಲೆ ದೊಡ್ಡದು ಅಂದರೆ ಹಗಲಲ್ಲೇ ಸಿಸೇರಿಯನ್‌ಗೆ ಹೇಳಿಡುತ್ತೇನೆ. ಪ್ರೊಜೆಸ್ಟರಾನ್ ಎರಡಕ್ಕಿಂತ ಕೆಳಗೆ ಇಳಿದ ಮೇಲೆಯೇ ಮರಿ ತೆಗೆಯುವುದು. ಅದಕ್ಕೆ ಮೊದಲು ತೆಗೆದರೆ ಶ್ವಾಸಕೋಶ ಬಲಿತಿರುವುದಿಲ್ಲ. ಹಗಲಿನ ಸಿಸೇರಿಯನ್ ನನಗೆ ರಾತ್ರಿಯದಕ್ಕಿಂತ ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ, ಮತ್ತೆ ಮರಿ ಬದುಕುತ್ತದೆ. ಹನ್ನೊಂದರಲ್ಲಿ ಮೂರು ಹೀಗೆ ಆದವು. ಡಾಕ್ಟರ ಜೊತೆ ವರ್ಷದ ಕೆಲಸವನ್ನು ಒಟ್ಟಿಗೆ ಮಾತಾಡಿ ಒಂದು ದರಕ್ಕೆ ಒಪ್ಪಿಸಿದ್ದೇನೆ. ಹೇಗೆ ಒಪ್ಪಿಸಿದೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ. ಪಗ್, ಫ್ರೆಂಚ್ ಬುಲ್‌ಡಾಗ್, ಬೋಸ್ಟನ್ ಟೆರಿಯರ್ ಥರದ ಚಪ್ಪಟೆ ಮೂಗಿನವನ್ನು ಸಾಕುವವರು ಸಿಸೇರಿಯನ್ ಖರ್ಚನ್ನು ಮೊದಲೇ ಬರೆದುಕೊಂಡು ಲೆಕ್ಕ ಶುರು ಮಾಡಬೇಕು. ಅವುಗಳಲ್ಲಿ ತಾನಾಗಿ ಹೆರಿಗೆ ಆಗುವುದನ್ನು ನಂಬಿ ಕೂರಬಾರದು.

ಈ ಹನ್ನೊಂದು ಸೂಲಿನಲ್ಲಿ ಆಸ್ಪತ್ರೆಗೆ ಓಡಿದ ಆ ಒಂದು ರಾತ್ರಿಯ ವಿಷಯ ಹೇಳಲೇಬೇಕು. ಮಗುವಿನ ಹೃದಯ ಬಡಿತ ಕೇಳುವ ಕೈಯಲ್ಲಿ ಹಿಡಿಯುವ ಡಾಪ್ಲರ್ ಇದೆಯಲ್ಲ, ಅದನ್ನು ತಂದು ಪ್ರಯೋಗ ಮಾಡಿದೆ. ಮೊದಲ ಎರಡು ಸೂಲಿನಲ್ಲಿ ಏನೂ ತಿಳಿಯಲಿಲ್ಲ. ತಾಯಿಯ ಬಡಿತವನ್ನೇ ಮರಿಯದು ಅಂದುಕೊಂಡು ಹೆದರಿ ಫೋನ್ ಮಾಡಿದ್ದೇನೆ. ಹೊಟ್ಟೆಯ ಕೂದಲು ತೆಗೆದು, ಜೆಲ್ ಜಾಸ್ತಿ ಹಾಕಿ, ದಿನಾ ಒಂದೇ ಹೊತ್ತಿಗೆ ಕೇಳಿದರೆ ಕಿವಿ ಪಳಗುತ್ತದೆ. ಮರಿಯ ಬಡಿತ 200ರ ಮೇಲೆ ಓಡುತ್ತಿರಬೇಕು. 180ಕ್ಕಿಂತ ಕೆಳಗೆ ನಿಂತರೆ ನಾನು ಕೂರುವುದಿಲ್ಲ. ಹೋದ ವರ್ಷ ಒಂದು ಪೊಮೇರಿಯನ್‌ಗೆ ಮೈ ಬಿಸಿ 37 ಡಿಗ್ರಿಗೆ ಇಳಿದು (ಹೆರಿಗೆ ಹತ್ತಿರ ಬಂತು ಅನ್ನುವ ಗುರುತು ಅದು) ಹದಿನಾರು ಗಂಟೆ ಆಗಿತ್ತು, ನೋವು ಮಾತ್ರ ಸಣ್ಣದು. ಡಾಪ್ಲರ್ ಇಟ್ಟರೆ ಒಂದು ಮರಿಯದು 150. ತಕ್ಷಣ ಹೊರಟೆ. ಮೂರೂ ಬದುಕಿ ಬಂದವು. ಆ ಡಾಪ್ಲರಿನ ಬೆಲೆ ಒಂದು ಮರಿಯ ಹತ್ತನೇ ಒಂದು ಭಾಗ ಇರಬಹುದು, ಅವತ್ತೇ ತೀರಿತು. ನೋವು ಬರಿಸುವ ಇಂಜೆಕ್ಷನ್ ಮನೆಯಲ್ಲಿ ಇಟ್ಟುಕೊಂಡವರು ಇದ್ದಾರೆ. ನಾನು ಇಡುವುದಿಲ್ಲ. ಮರಿ ಅಡ್ಡ ಸಿಕ್ಕಿದ್ದಾಗ ಕೊಟ್ಟರೆ ಗರ್ಭಕೋಶವೇ ಹರಿಯಬಹುದು.

ಇನ್ನು ಮರಿಗಳ ಮೊದಲ ಹತ್ತು ದಿನ. ಮೊದಲಿನ ನಾಲ್ಕು ಸೂಲಿನಲ್ಲಿ ಸತ್ತ ನಾಲ್ಕರಲ್ಲಿ ಎರಡು ಥಂಡಿಗೆ ಸತ್ತವು, ನನ್ನ ತಪ್ಪಿನಿಂದ. ತಣ್ಣಗಾದ ಮರಿಗೆ ಹಸಿವು ಅಂತ ಹಾಲು ಹಾಕಿದೆ. ಮೈ ತಣ್ಣಗಿದ್ದರೆ ಕರುಳು ಕೆಲಸ ಮಾಡುವುದಿಲ್ಲ, ಹಾಲು ಹೊಟ್ಟೆಯಲ್ಲೇ ನಿಲ್ಲುತ್ತದೆ. ಮೊದಲು ಮೆಲ್ಲಗೆ ಬಿಸಿ ಮಾಡಬೇಕು, ಒಂದು ಗಂಟೆ ಹಿಡಿದರೂ ಸರಿ, ಆಮೇಲೆ ಹಾಲು. ಆ ಎರಡು ಮರಿಗೆ ಡ್ರಿಪ್ಪು, ಆಕ್ಸಿಜನ್ನು ಅಂತ ಮುಕ್ಕಾಲು ಮರಿ ಖರ್ಚು ಮಾಡಿ ಎರಡನ್ನೂ ಕಳೆದುಕೊಂಡೆ.

ಬಿಸಿಗೆ ಏನೇನೋ ಮಾಡಿ ನೋಡಿದೆ. ಕೆಂಪು ಬಲ್ಬು ಮೇಲಿನಿಂದ ಒಣಗಿಸುತ್ತದೆ, ಮರಿಯ ಚರ್ಮ ಸುಕ್ಕಾಗುತ್ತದೆ, ತಾಯಿ ಸೆಕೆಗೆ ಎದ್ದು ಹೋಗುತ್ತಾಳೆ. ಬಿಸಿನೀರಿನ ಬಾಟಲಿ ಎರಡು ಗಂಟೆಗೆ ತಣ್ಣಗೆ, ಆಮೇಲೆ ಮರಿಯ ಬಿಸಿಯನ್ನು ಅದೇ ಎಳೆದುಕೊಳ್ಳುತ್ತದೆ. ಈಗ ಪೆಟ್ಟಿಗೆಯ ಅರ್ಧ ಭಾಗದ ಕೆಳಗೆ ಮಾತ್ರ ಹೀಟ್ ಪ್ಯಾಡ್. ಮೊದಲ ವಾರ ಆ ಕಡೆ 30ರಿಂದ 32 ಡಿಗ್ರಿ, ಈ ಕಡೆ ತಾಯಿಗೆ ತಂಪು. ಮರಿಗೆ ಬೇಕಾದ ಕಡೆ ಅದೇ ತೆವಳಿಕೊಂಡು ಹೋಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಬೆಳಿಗ್ಗೆ ಸಂಜೆ ತೂಕ. 120 ಗ್ರಾಂ ಮರಿ ದಿನಕ್ಕೆ ಎಂಟು ಹತ್ತು ಗ್ರಾಂ ಏರಬೇಕು. ಎರಡು ಸಲ ಸತತ ಇಳಿದರೆ ಆ ಮರಿ ಅಳದಿದ್ದರೂ ಕಾಯಿಲೆಯದೇ ಅಂತ ಹಿಡಿಯುತ್ತೇನೆ. ಟ್ಯೂಬಿನಲ್ಲಿ ಹಾಲು ಹಾಕುವುದನ್ನು ಆಸ್ಪತ್ರೆಯಲ್ಲಿ ಪಕ್ಕದಲ್ಲಿ ನಿಂತು ಕಲಿತೆ. ಓದಿ ಕಲಿಯುವ ಕೆಲಸ ಅಲ್ಲ ಅದು, ಟ್ಯೂಬು ಶ್ವಾಸಕೋಶಕ್ಕೆ ಹೋದರೆ ಮರಿ ಮುಗಿಯಿತು. ಮೊಲೆ ಹಿಡಿಯದ ಮರಿಗೆ ಹಿಡಿಸುವ ನನ್ನದೇ ಒಂದು ಉಪಾಯ ಇದೆ, ಅದರಿಂದಲೇ ಕಮ್ಮಿ ಅಂದರೂ ನಾಲ್ಕು ಮರಿ ಉಳಿಸಿದ್ದೇನೆ. ಅದನ್ನು ಸದ್ಯಕ್ಕೆ ಬರೆಯುವುದಿಲ್ಲ.

ಜಂತುಹುಳುವಿನ ಖರ್ಚು ಎಲ್ಲಕ್ಕಿಂತ ಚಿಕ್ಕದು, ಬಿಟ್ಟರೆ ನಷ್ಟ ದೊಡ್ಡದು. ತಾಯಿಯ ಮೈಯಲ್ಲಿ ಮಲಗಿರುವ ಹುಳು ಗಬ್ಬದಲ್ಲೇ ಮರಿಗೆ ಹೋಗುತ್ತದೆ. ಡಾಕ್ಟರನ್ನು ಕೇಳಿ 40ನೇ ದಿನದಿಂದ ಹೆರಿಗೆಯಾಗಿ ಹದಿನಾಲ್ಕು ದಿನದವರೆಗೆ ತಾಯಿಗೆ ಫೆನ್‌ಬೆಂಡಜೋಲ್ ಕೊಡುತ್ತೇನೆ, ಮರಿಗೆ ಎರಡನೇ ವಾರದಿಂದ. ಡೊಳ್ಳು ಹೊಟ್ಟೆ, ಭೇದಿ ಅಂತ ಓಡುವುದು ನಿಂತಿದೆ.

ಕ್ರಾಸ್‌ಗೆ ಮೊದಲಿನ ಟೆಸ್ಟುಗಳಲ್ಲಿ ನಾನು ಬಿಡದೇ ಇರುವುದು ಎರಡು. ಒಂದು ಬ್ರೂಸೆಲ್ಲಾ ಅನ್ನುವ ಅಂಟುರೋಗದ್ದು, ಗಂಡು ಹೆಣ್ಣು ಎರಡಕ್ಕೂ. ಮನೆಗೆ ಬಂದರೆ ಗಬ್ಬ ಇಳಿಯುತ್ತದೆ, ನಮಗೂ ಅಂಟುತ್ತದೆ. ಇನ್ನೊಂದು ಮೊಣಕಾಲ ಚಿಪ್ಪು. ನಾನು ಮಾರಿದ ಒಂದು ಮರಿ ಹತ್ತು ತಿಂಗಳಿಗೆ ಒಂದು ಕಾಲು ಎತ್ತಿ ಕುಂಟತೊಡಗಿತು. ಚಿಪ್ಪು ಜಾರುತ್ತಿತ್ತು. ಆಪರೇಷನ್ ಖರ್ಚು ಸುಮಾರು ಎರಡು ಮರಿ, ಅರ್ಧ ನಾನು ಕೊಟ್ಟೆ, ಕೊಡಲೇಬೇಕಿತ್ತು. ತಂದೆಯ ಕಾಲು ನಾನು ನೋಡಿಸಿರಲಿಲ್ಲ. ಅದನ್ನು ನೋಡುವುದಕ್ಕೆ ಮಷೀನು ಬೇಡ, ಅನುಭವ ಇರುವ ಡಾಕ್ಟರ ಬೆರಳು ಸಾಕು, ಫೀಸು ಒಂದು ಸಾಮಾನ್ಯ ಭೇಟಿಯಷ್ಟೇ. ಆಮೇಲೆ ಒಂದು ಸಲ ಪ್ರದರ್ಶನದಲ್ಲಿ ಬಹುಮಾನ ಗೆದ್ದ ಗಂಡನ್ನು ಬೇಡ ಅಂದೆ, ಎಡಗಾಲು ಎರಡನೇ ಗ್ರೇಡು ಅಂತ ಬಂತು. ಹುಚ್ಚು ಅಂದವರು ಇದ್ದಾರೆ. ಅದೇ ಗಂಡಿನ ಮರಿ ತಂದ ಇಬ್ಬರು ಆಮೇಲೆ ಆಪರೇಷನ್ ಎಲ್ಲಿ ಮಾಡಿಸಿದ್ರಿ ಅಂತ ನನ್ನನ್ನೇ ಕೇಳಿದರು.

ಮರಿ ಕೊಡುವ ವಯಸ್ಸನ್ನೂ ಬದಲಾಯಿಸಿ ನೋಡಿದೆ. ಎಂಟು ವಾರಕ್ಕೆ ಕೊಡುತ್ತಿದ್ದಾಗ ಹೊಸ ಮನೆಯಲ್ಲಿ ಊಟ ಬಿಟ್ಟು, ಸಕ್ಕರೆ ಅಂಶ ಇಳಿದು, ಮರಿ ಜೋತುಬಿದ್ದಿದೆ ಅಂತ ಮೂರನೇ ದಿನ ಫೋನ್ ಬರುತ್ತಿತ್ತು. ಈಗ ಹನ್ನೆರಡು ವಾರ. ಎರಡು ಲಸಿಕೆ ನನ್ನ ಖರ್ಚಿನಲ್ಲೇ ಆಗುತ್ತದೆ, ಆಹಾರ ಜಾಸ್ತಿ ಬೀಳುತ್ತದೆ. ಆದರೆ ಮೂರು ವರ್ಷದಿಂದ ಅಂಥ ಫೋನು ಒಂದೂ ಬಂದಿಲ್ಲ, ಬೆಲೆಯೂ ಸ್ವಲ್ಪ ಜಾಸ್ತಿ ಸಿಗುತ್ತಿದೆ.

ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ಒಂದೊಂದು ಮರಿ ಹೋದಾಗಲೂ ಬೆಲೆಯ ಮೂರನೇ ಒಂದು ಭಾಗ ಬೇರೆ ಖಾತೆಗೆ ಹಾಕುತ್ತೇನೆ. ಅದರಲ್ಲಿ ಒಂದು ರಾತ್ರಿ ಸಿಸೇರಿಯನ್‌ನಷ್ಟು ದುಡ್ಡು ಇಲ್ಲದಿದ್ದರೆ ಆ ಸಲ ಕ್ರಾಸ್ ಮಾಡಿಸುವುದೇ ಇಲ್ಲ. ಎರಡು ಸಲ ಹೀಗೆ ಬಿಟ್ಟಿದ್ದೇನೆ.

ಚಿನ್ನಿಗೆ ಈ ವರ್ಷ ಗರ್ಭಕೋಶ ತೆಗೆಸಿದೆ, ಅದೂ ಆ ಖಾತೆಯಿಂದಲೇ. ಕೀವು ತುಂಬಿದ ಮೇಲೆ ತೆಗೆಸಿದರೆ ಮೂರು ಪಟ್ಟು ಆಗುತ್ತಿತ್ತು. ಅದೇ ಅರಿವಳಿಕೆಯಲ್ಲಿ ಹಲ್ಲು ಕ್ಲೀನ್ ಮಾಡಿಸಿ ಐದು ಹಲ್ಲು ಕೀಳಿಸಿದೆ, ಎರಡನೇ ಸಲ ಮಲಗಿಸುವ ಖರ್ಚು ತಪ್ಪಿತು. ಹಲ್ಲಿನ ವಿಷಯದಲ್ಲಿ ನಾನು ಇನ್ನೂ ಗೆದ್ದಿಲ್ಲ. ಚಿಕ್ಕ ಬಾಯಲ್ಲಿ ಹಾಲುಹಲ್ಲು ಬೀಳದೆ ಹಾಗೇ ಉಳಿದು, ಪಕ್ಕದಲ್ಲೇ ಹೊಸ ಹಲ್ಲು ಬಂದು, ಮಧ್ಯೆ ಕೊಳೆ ಸೇರುತ್ತದೆ. ಈ ಸಲದ ಮರಿಗಳಲ್ಲಿ ನಾನೇ ಇಟ್ಟುಕೊಂಡ ಹೆಣ್ಣಿಗೆ ಮೂರು ತಿಂಗಳಿಂದಲೇ ದಿನಾ ರಾತ್ರಿ ಬ್ರಷ್ ಮಾಡುತ್ತಿದ್ದೇನೆ. ಏಳನೇ ತಿಂಗಳಿಗೆ ಬಾಯಿ ತೋರಿಸಿ, ಹಲ್ಲು ಕೀಳಿಸುವ ಖರ್ಚು ಎಷ್ಟು ಇಳಿಯಿತು ಅಂತ ಲೆಕ್ಕ ಬರೆಯುತ್ತೇನೆ.