ಏಜೆಂಟರಿಗೆ ಕಳಿಸುವ ಮುನ್ನ: ಕಾದಂಬರಿಯನ್ನು ಎಡಿಟರ್ ಕೈಗೆ ಕೊಡುವುದು ಹೇಗೆ?

ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಪ್ರಕಟಿಸುವವರಿಗೆ ಈ ಲೇಖನದ ಅಗತ್ಯ ಅಷ್ಟಾಗಿ ಇಲ್ಲ. ನಮ್ಮಲ್ಲಿ ಲೇಖಕರು ನೇರವಾಗಿ ಪ್ರಕಾಶಕರಿಗೇ ಫೋನ್ ಮಾಡುತ್ತಾರೆ. ನಡುವೆ ಲೇಖಕರ ಪರವಾಗಿ ಪ್ರಕಾಶಕರೊಂದಿಗೆ ವ್ಯವಹರಿಸುವ ಸಾಹಿತ್ಯ ಏಜೆಂಟ್ ಇರುವುದು ಅಪರೂಪ. ಆದರೆ ಇಂಗ್ಲಿಷಿನಲ್ಲಿ ಕಾದಂಬರಿ ಬರೆದು, ಇಲ್ಲವೇ ಕನ್ನಡದ್ದನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ, ದೆಹಲಿ, ಲಂಡನ್, ನ್ಯೂಯಾರ್ಕ್‌ಗೆ ಕಳಿಸಲು ಹೊರಟವರು ಸಾಗರ, ತೀರ್ಥಹಳ್ಳಿಗಳಲ್ಲೂ ಈಗ ಸಿಗುತ್ತಾರೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದ ಮೂಲಕ, ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ಹುರುಪು ಇನ್ನೂ ಏರಿದೆ. ಹುರುಪು ಒಳ್ಳೆಯದೇ. ಪರಿಚಯದ ನಿವೃತ್ತ ಇಂಗ್ಲಿಷ್ ಮೇಷ್ಟರ ಕೈಗೆ ಕಟ್ಟು ಕೊಟ್ಟು, ಅವರು ಕೆಂಪು ಪೆನ್ನಿನಲ್ಲಿ ವ್ಯಾಕರಣ ತಿದ್ದಿದ ಕೂಡಲೇ ‘ಎಡಿಟಿಂಗ್ ಮುಗಿಯಿತು’ ಎಂದು ಕಳಿಸಿಬಿಡುವುದು ಮಾತ್ರ ಒಳ್ಳೆಯದಲ್ಲ. ಒಮ್ಮೆ ಬೇಡ ಎಂದ ಏಜೆಂಟ್ ಅದೇ ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಳ್ಳುವುದು ಬಹಳ ಕಡಿಮೆ.

ಮೊದಲು: ನೀವೇ ಮಾಡಬೇಕಾದ್ದು

ಬರೆದು ಮುಗಿಸಿ, ಒಂದೆರಡು ತಿಂಗಳು ಮುಚ್ಚಿಡಿ. ಆಮೇಲೆ ಶಿವಮೊಗ್ಗದ ದುರ್ಗಿಗುಡಿಯ ಯಾವುದಾದರೂ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಗಟ್ಟಿಯಾಗಿ ಓದಿ. ಪರದೆಯ ಮೇಲೆ ಕಾಣದ ತಪ್ಪು ಬಾಯಿಗೆ ಸಿಗುತ್ತದೆ. ಪದಗಳ ಲೆಕ್ಕವನ್ನೂ ನೋಡಿಕೊಳ್ಳಿ. ಹೊಸಬರ ಕಾದಂಬರಿ 80 ಸಾವಿರದಿಂದ ಒಂದು ಲಕ್ಷ ಪದಗಳ ಒಳಗಿದ್ದರೆ ಕ್ಷೇಮ. ಒಂದೂವರೆ ಲಕ್ಷ ದಾಟಿದ್ದರೆ ಎಡಿಟರ್‌ಗೆ ದುಡ್ಡು ಕೊಡುವ ಮೊದಲು ನೀವೇ ಕತ್ತರಿ ಹಿಡಿಯಿರಿ.

ಇಲ್ಲೊಂದು ಮಾತು ಮಲೆನಾಡಿನವರಿಗೇ ಹೇಳಬೇಕು. ನಮ್ಮ ಕಾದಂಬರಿಗಳು ಮಳೆಯಿಂದ ಶುರುವಾಗುತ್ತವೆ. ಆಗುಂಬೆಯ ಮಂಜು, ಹೆಂಚಿನಿಂದ ಇಳಿಯುವ ನೀರು, ಜೀರುಂಡೆ ಸದ್ದು, ಮತ್ತೆ ಮಳೆ. ಅಮೆರಿಕದ ಅನೇಕ ಏಜೆಂಟರು ಮೊದಲಿಗೆ ಕೇಳುವುದು ಐದೋ ಹತ್ತೋ ಪುಟ. ಬ್ರಿಟನ್ನಿನವರು ಸಾಮಾನ್ಯವಾಗಿ ಮೊದಲ ಮೂರು ಅಧ್ಯಾಯ. ಆ ಹತ್ತು ಪುಟವೂ ನೆನೆದು ತೊಪ್ಪೆಯಾಗಿದ್ದರೆ ಕಥೆ ಶುರುವಾಗುವಷ್ಟರಲ್ಲಿ ಅವರು ಎದ್ದು ಹೋಗಿರುತ್ತಾರೆ. ಮಳೆ ಇರಲಿ, ಅದರಲ್ಲಿ ಯಾರಾದರೂ ಏನಾದರೂ ಮಾಡುತ್ತಿರಲಿ.

ಎರಡನೆಯದು: ಯಾವ ಎಡಿಟಿಂಗ್ ಬೇಕು?

ಕಥೆಯ ಕಟ್ಟು, ಪಾತ್ರ, ಓಟ ನೋಡುವುದು ಡೆವಲಪ್‌ಮೆಂಟಲ್ ಎಡಿಟಿಂಗ್. ವಾಕ್ಯದ ಲಯ, ಧ್ವನಿ ನೋಡುವುದು ಲೈನ್ ಎಡಿಟಿಂಗ್. ವ್ಯಾಕರಣ, ಕಾಗುಣಿತ, ಹೆಸರು-ದಿನಾಂಕಗಳ ಹೊಂದಾಣಿಕೆ ನೋಡುವುದು ಕಾಪಿ ಎಡಿಟಿಂಗ್. ಕರಡು ತಿದ್ದುವುದು ಕಟ್ಟಕಡೆಯ ಕೆಲಸ. ಏಜೆಂಟರಿಗೆ ಕಳಿಸುವ ಹಂತದಲ್ಲಿ ಅದಕ್ಕಾಗಿ ಪ್ರತ್ಯೇಕವಾಗಿ ಹಣ ಸುರಿಯಬೇಕಿಲ್ಲ. ಕ್ರಮ ಮೇಲಿನಿಂದ ಕೆಳಕ್ಕೆ. ಹೇಗೂ ತೆಗೆದುಹಾಕಬೇಕಾದ ಅಧ್ಯಾಯಕ್ಕೆ ಅಲ್ಪವಿರಾಮ ಹಾಕಿಸುವುದು, ಕೆಡವುವ ಗೋಡೆಗೆ ಸುಣ್ಣ ಬಳಿಸಿದಂತೆ.

ಪೂರ್ತಿ ಡೆವಲಪ್‌ಮೆಂಟಲ್ ಎಡಿಟಿಂಗ್ ದುಬಾರಿ. ಪದಕ್ಕೆ ಒಂದು ರೂಪಾಯಿ ಎಂದರೆ ಅಗ್ಗವಾಗಿ ಕೇಳಿಸುತ್ತದೆ, 90 ಸಾವಿರ ಪದಗಳಿಗೆ ಗುಣಿಸಿ ನೋಡಿ. ಕೈ ಬಿಗಿ ಇರುವವರಿಗೆ ನನ್ನ ಸಲಹೆ: ಹಸ್ತಪ್ರತಿಯ ಮೌಲ್ಯಮಾಪನ ಮಾತ್ರ ಮಾಡಿಸಿ. ಎಡಿಟರ್ ಇಡೀ ಕಾದಂಬರಿ ಓದಿ, ಎಲ್ಲಿ ಸೋತಿದೆ, ಯಾಕೆ ಎಂದು ಕೆಲವು ಪುಟಗಳ ಪತ್ರ ಬರೆಯುತ್ತಾರೆ. ಅದರಂತೆ ತಿದ್ದಿ ಬರೆದ ಮೇಲೆ ಮೊದಲ ಐವತ್ತು ಪುಟಗಳಿಗೆ ಮಾತ್ರ ಲೈನ್ ಎಡಿಟಿಂಗ್ ಮಾಡಿಸಿ, ಅಲ್ಲಿ ಕಲಿತದ್ದನ್ನು ಉಳಿದ ಪುಟಗಳಿಗೆ ನೀವೇ ಹಾಕಿ. ಹಾಕದೆ ಬಿಟ್ಟರೆ ಐವತ್ತೊಂದನೇ ಪುಟದಲ್ಲಿ ಬೇರೆ ಲೇಖಕ ಬಂದಂತೆ ಕಾಣುತ್ತದೆ, ಪೂರ್ತಿ ಪ್ರತಿ ತರಿಸಿಕೊಂಡ ಏಜೆಂಟ್‌ಗೆ ಅದು ತಿಳಿಯದೇ ಹೋಗುವುದಿಲ್ಲ.

ಮೂರನೆಯದು: ಮಾದರಿ ತಿದ್ದುಪಡಿ

ಹೆಚ್ಚಿನವರು ಎಡವುವುದು ಇಲ್ಲಿ. ಎಡಿಟರ್‌ನ ವೆಬ್‌ಸೈಟ್ ಚೆಂದವಿದೆ, ಮಾತು ಸಭ್ಯವಾಗಿದೆ ಎಂದು ಮುಂಗಡ ಕಳಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಇಬ್ಬರು ಮೂವರಿಗೆ ಒಂದೇ ನಾಲ್ಕೈದು ಪುಟಗಳನ್ನು ಕಳಿಸಿ, ಮಾದರಿಯಾಗಿ ತಿದ್ದಿಕೊಡಲು ಕೇಳಿ. ಕೆಲವರು ಉಚಿತವಾಗಿ ಮಾಡುತ್ತಾರೆ, ಕೆಲವರು ಸಣ್ಣ ಮೊತ್ತ ಕೇಳುತ್ತಾರೆ, ಕೊಡಿ. ಮೊದಲ ಅಧ್ಯಾಯ ಕಳಿಸಬೇಡಿ, ಅದನ್ನು ನೀವು ಉಜ್ಜಿ ಉಜ್ಜಿ ಹೊಳಪು ಮಾಡಿರುತ್ತೀರಿ. ನಡುವಿನ, ಮಾತುಕತೆ ಇರುವ ಪುಟ ಕಳಿಸಿ.

ಬಂದದ್ದನ್ನು ಪಕ್ಕಪಕ್ಕ ಇಟ್ಟು ಓದಿ. ಕೆಂಪು ಗುರುತು ಎಷ್ಟಿದೆ ಎಂದು ಎಣಿಸಬೇಡಿ, ಏನು ಕೇಳಿದ್ದಾರೆ ನೋಡಿ. ಉದಾಹರಣೆಗೆ, ಬಚ್ಚಲ ಒಲೆಯ ಮುಂದೆ ಅತ್ತೆ ಸೊಸೆ ಮಾತನಾಡುವ ದೃಶ್ಯ. ನೀವು ಇಂಗ್ಲಿಷಿನಲ್ಲೂ ‘ಹಂಡೆ’ ಎಂದೇ ಬರೆದಿದ್ದೀರಿ. ಒಬ್ಬ ಎಡಿಟರ್ ಅದನ್ನು ಅಳಿಸಿ, ‘ದಕ್ಷಿಣ ಭಾರತದ ಮನೆಗಳಲ್ಲಿ ಸ್ನಾನದ ನೀರು ಕಾಯಿಸಲು ಬಳಸುವ ದೊಡ್ಡ ತಾಮ್ರದ ಪಾತ್ರೆ’ ಎಂದು ಸೇರಿಸುತ್ತಾರೆ. ಎರಡನೆಯವರು ಪದ ಮುಟ್ಟದೆ ಅಂಚಿನಲ್ಲಿ ಕೇಳುತ್ತಾರೆ: ‘ನೀರು ಕಾದದ್ದು ಸೊಸೆಗೆ ಹೇಗೆ ಗೊತ್ತಾಯಿತು? ಅದನ್ನು ಬರೆದರೆ ಹಂಡೆ ಏನೆಂದು ತಾನೇ ತಿಳಿಯುತ್ತದೆ.’ ಮೂರನೆಯವರು ಬರೆಯುತ್ತಾರೆ: ‘ಹಿಂದಿನ ಪುಟದಲ್ಲಿ ಸೌದೆ ಒದ್ದೆ, ಒಲೆ ಹೊತ್ತಲಿಲ್ಲ ಎಂದಿದ್ದೀರಿ. ಈಗ ನೀರು ಕುದಿಯುತ್ತಿದೆ.’

ಮೊದಲನೆಯವರಿಗೆ ಧನ್ಯವಾದ ಹೇಳಿ ಬಿಟ್ಟುಬಿಡಿ, ಎಷ್ಟೇ ಅಗ್ಗವಾಗಿದ್ದರೂ. ಅವರ ಕೈಯಲ್ಲಿ ನಿಮ್ಮ ಕೊನೆಗಾರ, ಕೊಟ್ಟಿಗೆ, ಕಂಬಳಿಕೊಪ್ಪೆ ಎಲ್ಲಕ್ಕೂ ಒಂದೊಂದು ವಿವರಣೆ ಅಂಟಿಕೊಂಡು, ವಾಕ್ಯ ಮೇಲೇಳಲಾಗದೆ ಕೂರುತ್ತದೆ. ಎರಡನೆಯವರು ಲೈನ್ ಎಡಿಟಿಂಗ್‌ಗೆ ಆಗುತ್ತಾರೆ. ಮೂರನೆಯವರು ಕಾಪಿ ಎಡಿಟಿಂಗ್‌ನಲ್ಲಿ ನಿಮ್ಮ ಮಾನ ಉಳಿಸುತ್ತಾರೆ. ಇನ್ನೂ ಒಂದು ಪರೀಕ್ಷೆ: ಅತ್ತೆಯ ಮಾತು ತಿದ್ದಿದ ಮೇಲೂ ಅತ್ತೆಯದೇ ಆಗಿ ಉಳಿದಿದೆಯೇ? ಉಳಿದಿಲ್ಲವಾದರೆ ಉಳಿದ ಗುಣ ಏನೇ ಇರಲಿ, ಬೇಡ.

ವ್ಯಾಕರಣ ತಿದ್ದುವ ಸಾಫ್ಟ್‌ವೇರ್ ಇದೆಯಲ್ಲ, ಎಡಿಟರ್ ಯಾಕೆ ಎಂದು ಕೇಳುವವರಿದ್ದಾರೆ. ಅಚ್ಚಿನ ತಪ್ಪು ಹಿಡಿಯಲು ಸರಿ. ಅದು ಹೇಳಿದ್ದಕ್ಕೆಲ್ಲ ಒಪ್ಪಿದರೆ ಅಜ್ಜಿಯೂ ಮೊಮ್ಮಗನೂ ಬ್ಯಾಂಕ್ ಮ್ಯಾನೇಜರ್ ಹಾಗೆ ಮಾತನಾಡತೊಡಗುತ್ತಾರೆ.

ಒಪ್ಪಂದ ಲಿಖಿತವಾಗಿರಲಿ: ಯಾವ ಬಗೆಯ ಎಡಿಟಿಂಗ್, ಎಷ್ಟು ಪದ, ಎಂದಿಗೆ, ತಿದ್ದಿದ ಮೇಲೆ ಪ್ರಶ್ನೆ ಕೇಳಬಹುದೇ. ಅರ್ಧ ಮುಂಗಡ ಸಾಕು. ‘ನಾನು ಎಡಿಟ್ ಮಾಡಿದರೆ ಏಜೆಂಟ್ ಸಿಗುವುದು ಖಾತ್ರಿ’ ಎಂದವರ ಹತ್ತಿರ ಸುಳಿಯಬೇಡಿ. ಅನುವಾದವಾದರೆ ಮೂಲದ ಹಕ್ಕು ಯಾರಲ್ಲಿದೆ ಎಂಬುದಕ್ಕೆ ಕಾಗದ ಮೊದಲೇ ಮಾಡಿಸಿಕೊಳ್ಳಿ.

ನಾಲ್ಕನೆಯದು: ತಿದ್ದಿದ ಪ್ರತಿ ಬಂದಾಗ

ಒಂದು ವಾರ ಉತ್ತರ ಬರೆಯಬೇಡಿ, ಕೋಪ ಇಳಿಯಲಿ. ತಿದ್ದುಪಡಿಗಳನ್ನು ಗುರುತು ಮಾಡಿ ತೋರಿಸುವ ವರ್ಡ್‌ನ ಟ್ರ್ಯಾಕ್ ಚೇಂಜಸ್‌ನಲ್ಲಿ ಎಲ್ಲವನ್ನೂ ಒಂದೇ ಸಲ ಒಪ್ಪುವ ಗುಂಡಿ ಇದೆ, ಅದನ್ನು ಒತ್ತಬೇಡಿ. ಒಂದೊಂದಾಗಿ ನೋಡಿ. ಎಡಿಟರ್ ಸೂಚಿಸಿದ ಪರಿಹಾರ ತಪ್ಪಿರಬಹುದು, ಅವರು ಬೆರಳಿಟ್ಟ ಜಾಗದಲ್ಲಿ ನೋವು ಇದ್ದೇ ಇರುತ್ತದೆ.

ಐದನೆಯದು: ಪತ್ರ, ಸಾರಾಂಶ, ರವಾನೆ

ಏಜೆಂಟ್‌ಗೆ ಕಾದಂಬರಿಯನ್ನು ಪರಿಚಯಿಸುವ ಕ್ವೆರಿ ಪತ್ರ ಒಂದು ಪುಟ ಮೀರದಿರಲಿ: ಕಾದಂಬರಿಯ ಹೆಸರು, ಬಗೆ, ಪದಗಳ ಸಂಖ್ಯೆ, ಯಾರಿಗೆ ಏನು ಸಂಕಟ, ನೀವು ಯಾರು. ತಾಲ್ಲೂಕು ಸಮ್ಮೇಳನದ ಸನ್ಮಾನಗಳ ಪಟ್ಟಿ ಬೇಡ. ಎಡಿಟರ್ ಇದನ್ನು ತಿದ್ದಲಿ, ಅವರಿಂದಲೇ ಬರೆಸಬೇಡಿ. ಬರೆಸಿದರೆ ಪತ್ರದ ಧ್ವನಿಗೂ ಕಾದಂಬರಿಯ ಪುಟದ ಧ್ವನಿಗೂ ತಾಳೆಯಾಗುವುದಿಲ್ಲ. ಸಾರಾಂಶದಲ್ಲಿ ಅಂತ್ಯವನ್ನು ಹೇಳಲೇಬೇಕು. ‘ಮುಂದೇನಾಯಿತು? ಓದಿ ನೋಡಿ’ ಎಂಬುದು ಧಾರಾವಾಹಿಗೆ ಸರಿ, ಇಲ್ಲಿ ನಡೆಯುವುದಿಲ್ಲ.

ಒಂದೇ ಇಮೇಲ್‌ನಲ್ಲಿ ಐವತ್ತು ವಿಳಾಸ ತುಂಬಬೇಡಿ. ಆರೆಂಟು ಮಂದಿಗೆ ಬೇರೆ ಬೇರೆಯಾಗಿ, ಅವರವರ ನಿಯಮ ಓದಿ ಕಳಿಸಿ. ಯಾರೂ ಮುಂದಿನ ಪುಟಗಳನ್ನು ಕೇಳದಿದ್ದರೆ, ಇನ್ನೊಂದು ಕಂತು ಕಳಿಸುವ ಮೊದಲು ಕಳಿಸಿದ ಪುಟಗಳನ್ನೇ ಮತ್ತೆ ನೋಡಿ. ಏಜೆಂಟರ ಆದಾಯ ಪುಸ್ತಕ ಮಾರಾಟವಾದ ಮೇಲೆ ಸಿಗುವ ಕಮಿಷನ್. ಸಾಮಾನ್ಯವಾಗಿ ಏಜೆಂಟರ ಸ್ವದೇಶದ ಮಾರಾಟಕ್ಕೆ ಶೇ 15, ವಿದೇಶಿ ಹಕ್ಕಿಗೆ ಶೇ 20. ಓದುವುದಕ್ಕೇ ಶುಲ್ಕ ಕೇಳಿದವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿ.