ಮಗುವಿನ ಮೊದಲ ಸರ್ಕ್ಯೂಟ್‌ಗೆ ಉಪ್ಪು ಬೆರೆಸಿದ ಹಿಟ್ಟು

ಐದಾರು ವರ್ಷದ ಮಗುವಿಗೆ ಸರ್ಕ್ಯೂಟ್ ಪರಿಚಯಿಸುವಾಗ ತಂತಿಯ ಬದಲು ಉಪ್ಪಿನ ಹಿಟ್ಟನ್ನು ಬಳಸಬಹುದು: ಒಂದು ಲೋಟ ಗೋಧಿ ಹಿಟ್ಟಿಗೆ ಕಾಲು ಲೋಟ ಪುಡಿ ಉಪ್ಪು ಮತ್ತು ಒಂದು ನಿಂಬೆಹಣ್ಣಿನ ರಸ ಸೇರಿಸಿ, ಚಪಾತಿ ಹಿಟ್ಟಿನ ಹದಕ್ಕೆ ನಾದಿ ಎರಡು ಉಂಡೆ ಮಾಡಿ, ನಾಲ್ಕು ಎಎ ಸೆಲ್‌ಗಳ ಹೋಲ್ಡರ್‌ನ ಕೆಂಪು ತಂತಿಯನ್ನು ಒಂದಕ್ಕೂ ಕಪ್ಪು ತಂತಿಯನ್ನು ಇನ್ನೊಂದಕ್ಕೂ ಚುಚ್ಚಿ, ಎಲ್‌ಇಡಿಯ ಉದ್ದ ಕಾಲನ್ನು ಕೆಂಪು ತಂತಿಯ ಉಂಡೆಯಲ್ಲೂ ಗಿಡ್ಡ ಕಾಲನ್ನು ಮತ್ತೊಂದರಲ್ಲೂ ಊರಿದರೆ ದೀಪ ಬೆಳಗುತ್ತದೆ. ಕರಗಿದ ಉಪ್ಪಿನ ಅಯಾನುಗಳು (ವಿದ್ಯುದಾವೇಶವುಳ್ಳ ಕಣಗಳು) ವಿದ್ಯುತ್ತನ್ನು ಒಯ್ಯುತ್ತವೆ. ಹಿಟ್ಟಿನ ರೋಧ, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, ತಾಮ್ರದ ರೋಧಕ್ಕಿಂತ ಬಹಳ ಹೆಚ್ಚಾದ್ದರಿಂದ 6 ವೋಲ್ಟ್ ಇದ್ದರೂ ಎಲ್‌ಇಡಿ ಸುಡುವುದಿಲ್ಲ, ಆದರೆ ಅದನ್ನು ನೇರವಾಗಿ ಹೋಲ್ಡರ್‌ನ ತಂತಿಗೆ ತಾಗಿಸಿದರೆ ಸುಟ್ಟೇಹೋಗುತ್ತದೆ. ಉಂಡೆಗಳು ಒಂದಕ್ಕೊಂದು ಅಂಟಿಕೊಂಡರೆ ದೀಪ ಆರುತ್ತದೆ, ಏಕೆಂದರೆ ವಿದ್ಯುತ್ತು ಎಲ್‌ಇಡಿಯನ್ನು ಬಿಟ್ಟು ಹಿಟ್ಟಿನ ಮೂಲಕವೇ ಹಾದುಹೋಗುತ್ತದೆ. ಶಾರ್ಟ್ ಸರ್ಕ್ಯೂಟನ್ನು ಮಗು ಕಣ್ಣಾರೆ ಕಾಣುವ ಈ ಗಳಿಗೆಯೇ ನನ್ನ ಪ್ರಕಾರ ಇಡೀ ಆಟದ ಸಾರ. ಉಂಡೆಗಳನ್ನು ಸ್ಟೀಲ್ ತಟ್ಟೆಯಲ್ಲಿಟ್ಟರೂ ಅದೇ ಆಗುವುದರಿಂದ ಮರದ ಮಣೆ ಒಳ್ಳೆಯದು. ಹಿಟ್ಟು ಒಣಗಿದರೆ, ಎಲ್‌ಇಡಿಯ ಕಾಲುಗಳು ಅದಲುಬದಲಾದರೆ, ಅಥವಾ ಕಾಲನ್ನು ತಂತಿಯಿಂದ ತೀರ ದೂರ ಊರಿದರೆ ಬೆಳಕು ಮಂಕಾಗುತ್ತದೆ ಇಲ್ಲವೇ ಬರುವುದೇ ಇಲ್ಲ. ತುಂಬ ಹೊತ್ತು ಜೋಡಿಸಿಟ್ಟರೆ ತಂತಿಯ ತುದಿ ತುಕ್ಕು ಹಿಡಿಯುವುದರಿಂದ ಆಟ ಮುಗಿದೊಡನೆ ಕಿತ್ತು ಒರೆಸಿಡಿ. ಚಿಕ್ಕ ಬಟನ್ ಸೆಲ್‌ಗಳನ್ನು ಮಾತ್ರ ಬಳಸಲೇಬೇಡಿ. ಮಗು ನುಂಗಿದರೆ ಅವು ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲವು.