ಬೇಸಿಗೆಯಲ್ಲಿ ಮಂಡ್ಯದ ಹೊಲಗದ್ದೆ ನಡುವೆ ಸೈಕಲ್: ಮೂರು ಬೆಳಗಿನ ಲೆಕ್ಕ

ನಾಲ್ಕು ವರ್ಷದ ಹಿಂದೆ, ಏಪ್ರಿಲ್ ಕೊನೆಯ ವಾರ. ಜಕ್ಕನಹಳ್ಳಿ ಹತ್ತಿರ ಒಂದು ಹುಣಸೆ ಮರದ ಕೆಳಗೆ ಬಿದ್ದುಕೊಂಡಿದ್ದೆ. ಗಂಟೆ ಹನ್ನೊಂದೂವರೆ. ಬಾಟಲಿ ಖಾಲಿ, ತಲೆ ಗಿರ್ರನೆ ಸುತ್ತುತ್ತಿತ್ತು. ಹಿಂದಿನ ರಾತ್ರಿ ಫೋನಿನ ನಕ್ಷೆಯಲ್ಲಿ ಬೆರಳಾಡಿಸಿ, ‘ಮೈಸೂರಿಂದ ಮೇಲುಕೋಟೆ ಬರೀ ಐವತ್ತೇ ಕಿಲೋಮೀಟರ್, ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರಾಯಿತು’ ಎಂದುಕೊಂಡಿದ್ದೆ. ಹಸು ಹೊಡೆದುಕೊಂಡು ಬಂದ ಅಜ್ಜಿಯೊಬ್ಬರು ನಿಂತು ನೋಡಿದರು. ‘ಯಾಕಪ್ಪಾ, ಇಂಥ ಬಿಸ್ಲಲ್ಲಿ ಸೈಕಲ್ ತುಳ್ಕಂಡು ಸಾಯ್ತಿದ್ದೀಯೆ? ಬಸ್ಸಿಗೋಗಕ್ಕೆ ಏನಾಗಿತ್ತು?’ ಎಂದರು. ಬೈದವರೇ ಮನೆಗೆ ಹೋಗಿ ಚೊಂಬಿನ ತುಂಬ ಉಪ್ಪು ಹಾಕಿದ ಮಜ್ಜಿಗೆ ತಂದುಕೊಟ್ಟರು.

ಅವತ್ತಿನಿಂದ ನಾನು ಬೇಸಿಗೆ ಪ್ರವಾಸಕ್ಕೆ ಮೊದಲು ಗಡಿಯಾರ ನೋಡುತ್ತೇನೆ, ನಕ್ಷೆ ಆಮೇಲೆ. ಮಂಡ್ಯ ಸೀಮೆಯಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಸೈಕಲ್ ತುಳಿಯಲು ಸಿಗುವುದು ಬೆಳಿಗ್ಗೆ ಐದೂ ಮುಕ್ಕಾಲರಿಂದ ಹತ್ತೂವರೆವರೆಗೆ. ಸಂಜೆ ಐದರ ಮೇಲೆ ಇನ್ನೊಂದು ಗಂಟೆ ಸಿಕ್ಕರೆ ಅದೃಷ್ಟ. ನಡುವಿನ ಹೊತ್ತು ನಿದ್ದೆಗೆ, ಊಟಕ್ಕೆ, ಹರಟೆಗೆ. ಹೀಗಾಗಿ ಒಂದು ದಿನದಲ್ಲಿ ಮುಗಿಸಬಹುದಾದ ದಾರಿಯನ್ನು ನಾನು ಮೂರು ಬೆಳಗಿಗೆ ಹಂಚುತ್ತೇನೆ. ಈಗ ಒಂದೊಂದಾಗಿ ನೋಡೋಣ.

ಮೊದಲು ದಿನ ಗೊತ್ತುಮಾಡಿ

ರಜೆ ಯಾವಾಗ ಎನ್ನುವುದಕ್ಕಿಂತ ನಾಲೆಯಲ್ಲಿ ನೀರು ಯಾವಾಗ ಎಂದು ಕೇಳಿಕೊಳ್ಳಿ. ಕನ್ನಂಬಾಡಿ ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯೇ ಈ ಸೀಮೆಯ ಹಸಿರಿಗೆ ಮೂಲ. ಮೊದಲು ಇದಕ್ಕೆ ಇರ್ವಿನ್ ನಾಲೆ ಎಂಬ ಹೆಸರಿತ್ತು. ಈಗ ಎಲ್ಲರ ಬಾಯಲ್ಲೂ ವಿ.ಸಿ. ನಾಲೆ. ಬೇಸಿಗೆಯಲ್ಲಿ ಇದರಲ್ಲಿ ದಿನವೂ ನೀರು ಹರಿಯುವುದಿಲ್ಲ. ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು, ಹೀಗೆ ‘ಕಟ್ಟು ನೀರು’ ಲೆಕ್ಕದಲ್ಲಿ ಬಿಡುತ್ತಾರೆ. ಮಳೆ ಕೈಕೊಟ್ಟ ವರ್ಷ ಅದೂ ಕಷ್ಟ. ನೀರು ಬಿಟ್ಟ ವಾರ ಹೋದರೆ ಎರಡೂ ಕಡೆ ಬೇಸಿಗೆ ಭತ್ತ, ಕಬ್ಬು, ಕೊಕ್ಕರೆಗಳ ಸಾಲು. ಇಲ್ಲದಿದ್ದರೆ ಒಣಗಿದ ಕೂಳೆ, ಬಿರುಕು ಬಿಟ್ಟ ಗದ್ದೆ. ಮಂಡ್ಯದ ಸ್ಥಳೀಯ ಪುಟದಲ್ಲಿ ಇದು ದೊಡ್ಡ ಸುದ್ದಿ, ದಿನವೂ ಕಣ್ಣಾಡಿಸಿದರೆ ಗೊತ್ತಾಗುತ್ತದೆ.

ಇನ್ನೊಂದು ವಿಷಯ ವೈರಮುಡಿ. ಮೇಲುಕೋಟೆಯ ಈ ಉತ್ಸವ ಸಾಮಾನ್ಯವಾಗಿ ಮಾರ್ಚ್–ಏಪ್ರಿಲ್‌ನಲ್ಲಿ ಬರುತ್ತದೆ. ಆ ದಿನಗಳಲ್ಲಿ ಬೆಟ್ಟದ ಮೇಲೆ ಕೋಣೆ ಸಿಗುವುದಿಲ್ಲ, ರಸ್ತೆ ತುಂಬ ವಾಹನ. ಉತ್ಸವ ನೋಡಬೇಕೆಂದರೆ ಬಸ್ಸಿನಲ್ಲೇ ಹೋಗಿ, ಸೈಕಲ್ ಬೇಡ.

ಮಳೆ ನಕ್ಷತ್ರವನ್ನೂ ನೋಡಿಕೊಳ್ಳಿ. ಏಪ್ರಿಲ್ ಕೊನೆಗೆ ಭರಣಿ ಶುರುವಾಗುತ್ತದೆ. ‘ಭರಣಿ ಮಳೆ ಬಂದರೆ ಧರಣಿ ಬೆಳೆ’ ಎಂದು ರೈತರಿಗೆ ಅದು ಸಂಭ್ರಮ. ಸೈಕಲ್‌ನವರಿಗೆ ಅದೇ ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲು, ಬಿರುಗಾಳಿ. ಬೆಳಿಗ್ಗೆಯೇ ತುಳಿದು ಮುಗಿಸಿದವರಿಗೆ ಇದರ ಕಾಟ ಕಡಿಮೆ.

ದಾರಿ ಹಂಚಿಕೊಳ್ಳುವುದು

ಮೊದಲ ಬೆಳಗು ಸುಲಭವಾಗಿರಲಿ. ಮೈಸೂರಿನಿಂದ ರಂಗನತಿಟ್ಟು ನೋಡಿಕೊಂಡು ಶ್ರೀರಂಗಪಟ್ಟಣ, ಸುಮಾರು 20 ಕಿಲೋಮೀಟರ್. ‘ಇಷ್ಟೇನಾ?’ ಅನ್ನಿಸುತ್ತದೆ. ಅನ್ನಿಸಲಿ. ಸೈಕಲ್‌ನಲ್ಲಿ ಏನಾದರೂ ಸದ್ದಿದ್ದರೆ, ಸೀಟು ಒತ್ತುತ್ತಿದ್ದರೆ, ಚೀಲ ವಾಲುತ್ತಿದ್ದರೆ ಗೊತ್ತಾಗುವುದು ಇವತ್ತೇ. ಸರಿಮಾಡಲು ಪೇಟೆಯೂ ಹತ್ತಿರದಲ್ಲೇ ಇರುತ್ತದೆ. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಬೇಸಿಗೆಯಲ್ಲೂ ನಡುಗಡ್ಡೆಯ ಮರಗಳ ಮೇಲೆ ಗೂಡು, ಮರಿಗಳ ಗಲಾಟೆ ಇರುತ್ತದೆ. ಬಂಡೆ ಮೇಲೆ ಮೊಸಳೆ ಬಾಯಿ ತೆರೆದು ಮಲಗಿರುತ್ತದೆ, ಅದಕ್ಕೂ ಸೆಕೆ ಪಾಪ.

ಒಂದು ಎಚ್ಚರಿಕೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ, ಸೈಕಲ್‌ಗೂ ಇಲ್ಲ. ಫೋನಿನ ನಕ್ಷೆ ಕೆಲವೊಮ್ಮೆ ಸೀದಾ ಅಲ್ಲಿಗೇ ಕಳಿಸುತ್ತದೆ. ಸರ್ವಿಸ್ ರಸ್ತೆ ಅಥವಾ ಊರೊಳಗಿನ ದಾರಿ ಹಿಡಿಯಿರಿ.

ಎರಡನೇ ಬೆಳಗೇ ಪ್ರವಾಸದ ಜೀವಾಳ. ಶ್ರೀರಂಗಪಟ್ಟಣ, ಪಾಂಡವಪುರ, ತೊಣ್ಣೂರು ಕೆರೆ, ಮೇಲುಕೋಟೆ. ಒಟ್ಟು 40 ಕಿಲೋಮೀಟರ್ ಆಸುಪಾಸು. ಕೊನೆಯಲ್ಲಿ ಏರು ಇರುವುದರಿಂದ ಮಬ್ಬುಗತ್ತಲಲ್ಲೇ ಎದ್ದು ಸಿದ್ಧರಾಗಿ, ಬೆಳಕು ಹರಿಯುತ್ತಿದ್ದಂತೆ ಹೊರಡಿ. ಏಳು ಗಂಟೆಗೆ ಪಾಂಡವಪುರ ದಾಟಿರಬೇಕು. ಈ ಊರಿಗೆ ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಎಂಬ ಹೆಸರು. ಹೈದರ್–ಟಿಪ್ಪು ಜೊತೆಗಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಂತೆ. ಎದುರಿಗೆ ಕುಂತಿಬೆಟ್ಟದ ಜೋಡಿ ಗುಡ್ಡ ಕಾಣುತ್ತಾ ಹೋಗುತ್ತದೆ. ಎಂಟರ ಹೊತ್ತಿಗೆ ತೊಣ್ಣೂರು ಕೆರೆ ಏರಿ. ಗುಡ್ಡಗಳ ನಡುವೆ ತಿಳಿನೀರು, ಕೆಳಗೆ ತೆಂಗು, ಗದ್ದೆ, ಹೊಯ್ಸಳರ ಕಾಲದ ನಂಬಿನಾರಾಯಣ ದೇವಸ್ಥಾನ. ಅರ್ಧ ಗಂಟೆ ಕುಳಿತು ಕಟ್ಟಿಕೊಂಡು ಬಂದ ತಿಂಡಿ ತಿನ್ನಿ. ಜಾಸ್ತಿ ಕೂತರೆ ಮುಂದಿನ ಏರು ಬಿಸಿಲಲ್ಲಿ ಸಿಗುತ್ತದೆ, ನನ್ನ ಹುಣಸೆ ಮರದ ಕತೆಯೇ ನಿಮ್ಮದೂ.

ಮೂರನೇ ಬೆಳಗು ಮೇಲುಕೋಟೆಯಿಂದ ಇಳಿದು ಮಂಡ್ಯ, 40ರ ಒಳಗೆ. ಅಲ್ಲಿಂದ ರೈಲು. ಸೈಕಲನ್ನು ಲಗೇಜ್ ಡಬ್ಬಿಗೆ ಹಾಕುವುದಾದರೆ ಹೊರಡುವ ಮೊದಲೇ ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಸೈಕಲ್ ಯಾವುದು?

ಇದಕ್ಕೆ ಜನ ಸುಮ್ನೆ ತಲೆಕೆಡಿಸಿಕೊಳ್ಳುತ್ತಾರೆ. ಬ್ರೇಕ್ ಸರಿಯಿದ್ದು, ಗೇರ್ ಇದ್ದು, ಟೈರ್ ಸ್ವಲ್ಪ ದಪ್ಪ ಇದ್ದರೆ ಸಾಕು. ಬೆರಳು ದಪ್ಪದ ರೇಸ್ ಟೈರು ನಾಲೆ ಏರಿಯ ಮಣ್ಣುದಾರಿಗೆ ಆಗಿಬರುವುದಿಲ್ಲ.

ನಿಜವಾಗಿ ಗಮನ ಬೇಕಿರುವುದು ಟ್ಯೂಬಿನ ಮೂತಿಗೆ. ದುಬಾರಿ ಸೈಕಲ್‌ಗಳಲ್ಲಿ ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್ ಇರುತ್ತದೆ. ಹಳ್ಳಿಯ ಪಂಕ್ಚರ್ ಅಂಗಡಿಯ ಗಾಳಿ ಪೈಪು ಬೈಕಿನ ದಪ್ಪ ವಾಲ್ವ್‌ಗೆ ಮಾತ್ರ ಕೂರುತ್ತದೆ. ಅಂಗಡಿಯವರು ಗಾಳಿ ಹೊಡೆಯಲು ಸಿದ್ಧ, ನೀವು ಹೊಡೆಸಿಕೊಳ್ಳಲು ಸಿದ್ಧ, ಪೈಪು ಮಾತ್ರ ಒಲ್ಲೆ ಎನ್ನುತ್ತದೆ. ಬೆರಳ ತುದಿಯಷ್ಟಿರುವ ಹಿತ್ತಾಳೆ ಅಡಾಪ್ಟರ್ ಒಂದನ್ನು ಜೇಬಿಗೆ ಹಾಕಿಕೊಂಡರೆ ಸಮಸ್ಯೆ ಮುಗಿಯಿತು. ಜೊತೆಗೆ ಎರಡು ಟ್ಯೂಬು, ಕೈಪಂಪು, ಟೈರ್ ಬಿಚ್ಚುವ ಪಟ್ಟಿ, ಪ್ಯಾಚು, ಅಂಟು. ಮನೆಯಲ್ಲೇ ಒಮ್ಮೆ ಟ್ಯೂಬ್ ಬದಲಿಸಿ ಕೈ ಪಳಗಿಸಿಕೊಳ್ಳಿ. ಜಾಲಿ ಮುಳ್ಳು ಯಾರನ್ನೂ ಬಿಡುವುದಿಲ್ಲ.

ನೀರು, ಊಟ, ಬಿಸಿಲು

ತುಳಿಯುವಾಗ ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ನೀರು ಬೇಕು. ಬಾಯಾರುವ ತನಕ ಕಾಯಬೇಡಿ, ಹತ್ತು–ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು. ಎರಡು ಬಾಟಲಿಯಲ್ಲಿ ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಓ.ಆರ್.ಎಸ್. ಪೊಟ್ಟಣದ ಮೇಲೆ ಒಂದು ಲೀಟರಿಗೆ ಎಂದಿದ್ದರೆ ಒಂದು ಲೀಟರಿಗೇ ಕಲಸಿ. ಅರ್ಧ ಲೀಟರಿಗೆ ಗಟ್ಟಿಯಾಗಿ ಕಲಸಿದರೆ ಜಾಸ್ತಿ ಶಕ್ತಿ ಬರುವುದಿಲ್ಲ, ಹೊಟ್ಟೆ ಕೆಡುತ್ತದೆ ಅಷ್ಟೆ. ದಾರಿಯಲ್ಲಿ ಎಳನೀರಿಗೇನೂ ಬರವಿಲ್ಲ. ಆಲೆಮನೆ ಕಂಡರೆ ನಿಲ್ಲಿಸಿ ಕೇಳಿ. ಗಾಣ ಓಡುತ್ತಿದ್ದರೆ ಕಬ್ಬಿನ ಹಾಲು ಸಿಗಬಹುದು, ಕೊಪ್ಪರಿಗೆಯಿಂದ ಆಗಷ್ಟೇ ಇಳಿದ ಬಿಸಿ ಬೆಲ್ಲವೂ. ಇದು ತುಳಿತ ಮುಗಿದ ಮೇಲೆ ಒಳ್ಳೆಯದು. ತುಳಿಯುವ ಮೊದಲೇ ಎರಡು ಲೋಟ ಏರಿಸಿದರೆ ಹೊಟ್ಟೆ ಕುಲುಕಾಡುತ್ತದೆ, ನನಗೆ ಗೊತ್ತು.

ಬೆಳಿಗ್ಗೆ ಒಂದು ಬಾಳೆಹಣ್ಣು, ಒಂದೆರಡು ಇಡ್ಲಿ ಸಾಕು. ಮುದ್ದೆ, ಸೊಪ್ಪಿನ ಸಾರು ಮಧ್ಯಾಹ್ನಕ್ಕಿರಲಿ. ಮುದ್ದೆ ಉಂಡು ಮರುಗಳಿಗೆ ಸೈಕಲ್ ಹತ್ತುವ ಸಾಹಸ ಬೇಡ, ಉಂಡು ಮಲಗಬೇಕು.

ತಲೆನೋವು, ವಾಕರಿಕೆ ಬಂದರೆ ತಕ್ಷಣ ನೆರಳಿಗೆ ಹೋಗಿ. ಜೊತೆಗಾರರು ಏನೇನೋ ಮಾತಾಡುತ್ತಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬಿಸಿಲಿನ ಹೊಡೆತ. ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಬಟ್ಟೆ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ತುಂಬುತೋಳಿನ ತಿಳಿಬಣ್ಣದ ಅಂಗಿ, ಹೆಲ್ಮೆಟ್, ಒಂದು ಟವೆಲ್. ಆ ಟವೆಲ್ ಒದ್ದೆ ಮಾಡಿ ಕತ್ತಿಗೆ ಸುತ್ತಿಕೊಂಡರೆ ಯಾವ ದುಬಾರಿ ಉಡುಪೂ ಅದಕ್ಕೆ ಸಮ ಇಲ್ಲ.

ನಾಲೆ ಏರಿ ಮೇಲೆ

ನಾಲೆ ಪಕ್ಕದ ದಾರಿ ಬಹಳ ಚೆಂದ. ಅಷ್ಟೇ ಅಪಾಯ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತದ್ದು ಇಲ್ಲಿಯವರಿಗೆ ಇನ್ನೂ ಹಸಿ ನೆನಪು. ತಡೆಗೋಡೆ ಇಲ್ಲದ ಕಡೆ ನೀರಿನ ಬದಿ ಬಿಟ್ಟು ಗದ್ದೆ ಬದಿ ತುಳಿಯಿರಿ. ಕಬ್ಬಿನ ಟ್ರ್ಯಾಕ್ಟರ್ ಎದುರು ಬಂದರೆ ಇಳಿದು ನಿಲ್ಲಿ. ಎರಡೂ ಪಕ್ಕ ಚಾಚಿಕೊಂಡ ಜಲ್ಲೆಗಳು ಡ್ರೈವರ್‌ಗೇ ಕಾಣುವುದಿಲ್ಲ. ಸೆಕೆ ಎಂದು ನಾಲೆಗೆ ಇಳಿಯಬೇಡಿ. ಸೆಳೆತ ಮೇಲೆ ಕಾಣುವುದಿಲ್ಲ, ಹತ್ತಿ ಬರಲು ಹಿಡಿತವೂ ಸಿಗುವುದಿಲ್ಲ. ಮೈ ತೊಳೆಯಬೇಕೆಂದರೆ ಪಂಪ್‌ಸೆಟ್ ಇದೆಯಲ್ಲ. ಹೊಲದವರನ್ನು ‘ಅಣ್ಣಾ, ತ್ರೀ ಫೇಸ್ ಯಾವಾಗ ಬರುತ್ತೆ?’ ಎಂದು ಕೇಳಿ. ಕರೆಂಟು ಬಂದ ಹೊತ್ತಿಗೆ ಹೋದರೆ ತೊಟ್ಟಿ ಹತ್ತಿರ ನಿಂತುಕೊಳ್ಳಲು ಬೇಡ ಎನ್ನುವವರನ್ನು ನಾನು ಕಂಡಿಲ್ಲ. ಸೋಪು ಮಾತ್ರ ಬೇಡ, ಆ ನೀರು ಬೆಳೆಗೆ ಹೋಗುವುದು. ಹಾಗೆಯೇ ಕಬ್ಬು, ಮಾವು ಬೇಕಿದ್ದರೆ ಕೇಳಿ ತಗೊಳ್ಳಿ, ಕೀಳಬೇಡಿ.

ಮಳೆ ಬಿದ್ದ ಮರುದಿನ ಮಣ್ಣು ಏರಿ ಬಿಟ್ಟು ಡಾಂಬರು ರಸ್ತೆಯಲ್ಲೇ ಹೋಗಿ. ಅಂಟುಮಣ್ಣು ಬ್ರೇಕಿನ ಸಂದಿಗೆ ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ. ಸೈಕಲ್ ನಿಮ್ಮನ್ನು ಹೊರುವ ಬದಲು ನೀವು ಅದನ್ನು ಹೊರಬೇಕು. ಗುಡುಗು ಕೇಳಿಸಿದರೆ ಒಂಟಿ ಮರದ ಕೆಳಗೆ ನಿಲ್ಲಬೇಡಿ, ಹತ್ತಿರದ ಮನೆಯದೋ ಶಾಲೆಯದೋ ಜಗಲಿ ಹುಡುಕಿ.

ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಕು ಅನ್ನಿಸುತ್ತದೆ ಅಲ್ವಾ? ನಿಲ್ಲಿಸಿ, ಇಳಿದು, ಸೈಕಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಓಡದವರ ಮೇಲೆ ಅದಕ್ಕೆ ಬೇಗ ಬೇಜಾರು ಬರುತ್ತದೆ.

ಬೆಟ್ಟ ಹತ್ತಿ, ಇಳಿದು

ಜಕ್ಕನಹಳ್ಳಿ ದಾಟಿದ ಮೇಲೆ ಮೇಲುಕೋಟೆಯ ಏರು. ಉಸಿರು ಕಟ್ಟುವ ಮೊದಲೇ ಸಣ್ಣ ಗೇರ್‌ಗೆ ಹಾಕಿ. ತಳ್ಳಿಕೊಂಡು ಹೋದರೆ ಯಾರೂ ನಗುವುದಿಲ್ಲ, ನಕ್ಕರೂ ಅವರು ಬೈಕಿನಲ್ಲಿ ಇರುತ್ತಾರೆ. ಹತ್ತೂವರೆಗೆ ಕೋಣೆ ಸೇರಿ, ಸ್ನಾನ ಮಾಡಿ, ಪುಳಿಯೋಗರೆ ತಿಂದು ಮಲಗಿ. ಸಂಜೆ ಐದಕ್ಕೆ ಎದ್ದು ಯೋಗಾನರಸಿಂಹ ಬೆಟ್ಟದ ಮೆಟ್ಟಿಲು ಹತ್ತಿ. ಬೆಳಿಗ್ಗೆ ತುಳಿದ ದಾರಿ, ಕೆರೆಗಳು, ತೆಂಗಿನ ಸಾಲು ಎಲ್ಲ ಕೆಳಗೆ ಹರಡಿರುತ್ತವೆ. ಹೊಳೆಯುವ ನೀರು ಯಾವ ಕೆರೆಯದು ಎಂದು ಪಕ್ಕದಲ್ಲಿ ಕೂತವರನ್ನು ಕೇಳಿ, ಅರ್ಧ ಗಂಟೆ ಕತೆ ಸಿಗುತ್ತದೆ.

ಮಾರನೇ ದಿನದ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿ ಹಿಡಿದುಕೊಂಡೇ ಇಳಿಯಬೇಡಿ, ಬಿಟ್ಟು ಬಿಟ್ಟು ಹಿಡಿಯಿರಿ. ಹಿಂದಿನದು ಮುಂದಿನದು ಎರಡೂ ಒಟ್ಟಿಗೆ. ತಿರುವಿನಲ್ಲಿ ಹಿಡಿಯುವುದಲ್ಲ, ತಿರುವಿಗೆ ಮೊದಲೇ ವೇಗ ಇಳಿಸಿ.

ಮನೆಗೆ ಬಂದ ರಾತ್ರಿ ಸೈಕಲನ್ನು ಹಾಗೇ ಗೋಡೆಗೆ ಒರಗಿಸಬೇಡಿ. ದೀಪದ ಬೆಳಕಿನಲ್ಲಿ ಚಕ್ರ ನಿಧಾನ ತಿರುಗಿಸುತ್ತಾ ಟೈರಿನ ಮೇಲೆ ಕಣ್ಣಾಡಿಸಿ. ಅರ್ಧ ಮುರಿದ ಜಾಲಿ ಮುಳ್ಳು ರಬ್ಬರಿನೊಳಗೆ ಕೂತಿರುತ್ತದೆ. ಚಿಮುಟದಲ್ಲಿ ಕಿತ್ತು ತೆಗೆಯಿರಿ, ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಗಾಳಿ ಇಳಿದಿರುತ್ತದೆ.